ಅಲೆ ದಾಟಿ ದಂಡೆಯಿಂದಲೇ ಸ್ಕೂಬಾ ಇಳಿಯುವುದು: ಕಲಬುರಗಿಯಿಂದ ಒಂದು ಪ್ರಶ್ನೆ

ಭೀಮಾತೀರ (ಕಲಬುರಗಿ)

ಎಲ್ಲರಿಗೂ ಶರಣು. ನೇತ್ರಾಣಿಯಲ್ಲಿ ಸ್ಕೂಬಾದ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ ಕಾರ್ಡ್ ತಗೊಂಡಿದ್ದೇನೆ. ಅಲ್ಲಿ ಎಲ್ಲಾ ದೋಣಿ ಮೇಲೆಯೇ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ ಹೋಗಿ, ದ್ವೀಪದ ಮರೆಯಲ್ಲಿ ನಿಂತು, ದೋಣಿ ಅಂಚಿನಿಂದ ಹಿಂದಕ್ಕೆ ಉರುಳಿದರೆ ಆಯಿತು. ದಂಡೆಯಲ್ಲಿ ಒಡೆಯುವ ಅಲೆ ನಮ್ಮ ದಾರಿಗೆ ಬರಲೇ ಇಲ್ಲ.

ಈ ಬೇಸಿಗೆಗೆ ಸ್ಯಾನ್ ಡಿಯಾಗೊದಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಲಾ ಹೋಯಾ ಶೋರ್ಸ್ ಅಂತ ಒಂದು ಬೀಚ್ ಇದೆ. ಪಾರ್ಕಿಂಗ್‌ನಲ್ಲೇ ಸಿಲಿಂಡರ್ ಹಾಕಿಕೊಂಡು, ಮರಳಲ್ಲಿ ನಡೆದು, ಅಲೆ ದಾಟಿ ಮುಳುಗುತ್ತಾರೆ. ಅದನ್ನು ಸರಿಯಾಗಿ ಕಲಿಯಬೇಕು ಅಂತ ಬಹಳ ಆಸೆ. ನಾನು ಈಜು ಕಲಿತಿದ್ದು ಅಫಜಲಪುರದ ಕಡೆ ಅಜ್ಜನ ಹೊಲದ ಬಾವಿಯಲ್ಲಿ. ಬಾವಿ ನೀರು ಇದ್ದಲ್ಲೇ ಇರುತ್ತದೆ. ನಮ್ಮ ಮೇಲೆ ಬಂದು ಬೀಳುವ ನೀರಿನ ಅಭ್ಯಾಸ ನಮ್ಮ ಕಡೆಯವರಿಗೆ ಎಲ್ಲಿಂದ ಬರಬೇಕು?

ಎಷ್ಟು ಎತ್ತರದ ಅಲೆ ತನಕ ಇಳಿಯಬಹುದು? ಫಿನ್ಸ್ (ಪಾದಕ್ಕೆ ಹಾಕುವ ಈಜುರೆಕ್ಕೆ) ದಂಡೆಯಲ್ಲೇ ಹಾಕಬೇಕಾ, ಒಳಗೆ ಹೋದ ಮೇಲಾ? ವಾಪಸ್ ಬರುವಾಗ ಏನು ಮಾಡಬೇಕು? ಹೋಗುವ ಮುಂಚೆ ಇಲ್ಲೇ ಕಲಬುರಗಿಯಲ್ಲಿ ಏನು ತಯಾರಿ ಮಾಡಿಕೊಳ್ಳಬಹುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುರಪುರದವ (ಈಗ ಸ್ಯಾನ್ ಡಿಯಾಗೊ)

ಶರಣು ತಂಗಿ. ನಾನು ಯಾದಗಿರಿ ಜಿಲ್ಲೆಯವ, ಸುರಪುರ. ಕೆಲಸಕ್ಕೆ ಬಂದು ಇಲ್ಲೇ ಉಳಿದಿದ್ದೇನೆ. ನೀವು ಹೇಳಿದ ಬೀಚಿನಲ್ಲೇ ನಾನೂ ಕಲಿತದ್ದು, ಈಗಲೂ ವಾರದ ರಜೆಗೆ ಅಲ್ಲೇ ಇಳಿಯುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೇ ಮಾತು. ಅಲೆ ದಾಟುವ ಕೆಲಸದಲ್ಲಿ ಮುಕ್ಕಾಲು ಪಾಲು ಒಣ ಮರಳ ಮೇಲೆಯೇ ಮುಗಿಯುತ್ತದೆ. ಬಂದ ತಕ್ಷಣ ಸಿಲಿಂಡರ್ ಕಟ್ಟಿಕೊಳ್ಳಬೇಡಿ. ಹದಿನೈದು ಇಪ್ಪತ್ತು ನಿಮಿಷ ನಿಂತು ನೀರು ನೋಡಿ. ಅಲೆಗಳು ಒಂದೇ ಸಮ ಬರುವುದಿಲ್ಲ. ಸಣ್ಣವು ಸುಮಾರು ಹೊತ್ತು ಬರುತ್ತವೆ, ಆಮೇಲೆ ದೊಡ್ಡವು ನಾಲ್ಕೈದು ಒಂದರ ಹಿಂದೆ ಒಂದು ಬರುತ್ತವೆ, ಮತ್ತೆ ಸುಮ್ಮನಾಗುತ್ತದೆ. ಆ ದೊಡ್ಡವುಗಳ ಗುಂಪಿಗೆ ಇಲ್ಲಿ ‘ಸೆಟ್’ ಅಂತಾರೆ, ಸುಮ್ಮನಾಗುವ ಹೊತ್ತಿಗೆ ‘ಲಲ್’ ಅಂತಾರೆ. ನಾವು ಇಳಿಯುವುದು ಆ ಲಲ್‌ನಲ್ಲಿ. ಐದು ನಿಮಿಷ ನೋಡಿ ‘ಅಯ್ಯೋ, ಸಣ್ಣ ಅಲೆನೇ’ ಅಂದುಕೊಂಡು ಇಳಿದವರಿಗೆ ನಡುವೆ ಸೆಟ್ ಬಂದು ಹೊಡೆಯುತ್ತದೆ. ಹಾಗಾಗಿ ಇಡೀ ಸೆಟ್ ಒಂದೆರಡು ಸಲ ಬಂದು ಹೋಗುವ ತನಕ ಗಡಿಯಾರ ಹಿಡಿದು ನೋಡಿ. ಎರಡು ಸೆಟ್‌ಗಳ ನಡುವೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ತಿಳಿಯಬೇಕು.

ಎರಡನೇದು, ಅಲೆ ಎಲ್ಲಿ ಒಡೆಯುತ್ತದೆ ಅಂತ ನೋಡಿ. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳ ಇರುವ ಕಡೆ ಅದು ಒಡೆಯುತ್ತದೆ. ಒಂದು ಮೀಟರ್ ಅಲೆ ಅಂದರೆ 1.3 ಮೀಟರ್ ನೀರಲ್ಲಿ, ಅಂದರೆ ನಿಮ್ಮ ಎದೆ ಮಟ್ಟದ ನೀರಲ್ಲಿ, ಮುಖದ ಮುಂದೆಯೇ ಒಡೆಯುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ನಿಮ್ಮ ಬೆನ್ನ ಮೇಲೆ, ಸೊಂಟದ ಮೇಲೆ ಎಲ್ಲಾ ಸೇರಿ 25 ಕೆಜಿ ಮೇಲೆ ಇರುತ್ತದೆ. ಎದುರು ನಿಂತು ತಡೆಯುತ್ತೇನೆ ಅನ್ನುವ ಪ್ರಶ್ನೆಯೇ ಇಲ್ಲ.

ನಿಮ್ಮ ಎತ್ತರದ ಪ್ರಶ್ನೆಗೆ ನನ್ನ ಲೆಕ್ಕ ಹೇಳುತ್ತೇನೆ. ಹೊಸಬರು ಮೊಣಕಾಲಿಂದ ಶುರು ಮಾಡಲಿ. ಸೊಂಟದ ತನಕ ಬರುವ ಅಲೆ ಅಂದರೆ ಕಲಿಸುವವರು ಪಕ್ಕದಲ್ಲೇ ಇರಬೇಕು. ಎದೆ ಮಟ್ಟ ದಾಟಿತೋ, ಅವತ್ತು ಪಾರ್ಕಿನ ಹುಲ್ಲಲ್ಲಿ ಕೂತು ಚಹಾ ಕುಡಿದು ಮನೆಗೆ ಹೋಗಿ. ಬರೀ ಎತ್ತರ ನೋಡಿದರೂ ಸಾಲದು. ಅಲೆ ಅಲೆಯ ನಡುವೆ ಎಷ್ಟು ಸೆಕೆಂಡು ಅಂತಾನೂ ನೋಡಿ. ಹದಿನಾಲ್ಕು ಹದಿನೈದು ಸೆಕೆಂಡಿನ ಅಲೆ ದೂರದ ಬಿರುಗಾಳಿಯಿಂದ ಬಂದಿದ್ದು. ಅದೇ ಎತ್ತರದ ಆರೇಳು ಸೆಕೆಂಡಿನ ಅಲೆಗಿಂತ ಅದರ ಏಟು ಬಹಳ ಜೋರು.

ಲಾ ಹೋಯಾ ಶೋರ್ಸ್ ಕಲಿಯಲು ಒಳ್ಳೆಯ ಜಾಗ. ಮರಳು ಸಪಾಟಾಗಿ ಇಳಿಯುತ್ತಾ ಹೋಗುತ್ತದೆ, ಅಲೆ ಮೇಲಿಂದ ಜಾರಿ ನೊರೆಯಾಗಿ ಒಡೆಯುತ್ತದೆ. ಬೇಸಿಗೆಯಲ್ಲಿ ಅಲೆ ಸಾಮಾನ್ಯವಾಗಿ ಸಣ್ಣದು, ಚಳಿಗಾಲದಲ್ಲಿ ಜೋರು. ಜೀವರಕ್ಷಕರ ಗೋಪುರವೂ ಇದೆ. ದಂಡೆ ಕಡಿದಾಗಿದ್ದರೆ ಕಥೆಯೇ ಬೇರೆ. ಮಾಂಟೆರೆ ಕಡೆ ಮೊನಾಸ್ಟರಿ ಬೀಚ್ ಅಂತ ಇದೆ. ದಪ್ಪ ಮರಳು, ಕಾಲಿಟ್ಟರೆ ಹುದುಗುತ್ತದೆ, ಎರಡು ಹೆಜ್ಜೆಗೆ ಆಳ. ಅಲೆ ದಂಡೆಗೇ ಬಂದು ದಬ್ಬೆಂದು ಬೀಳುತ್ತದೆ. ಅಲ್ಲಿ ಡೈವರ್‌ಗಳು ಸತ್ತಿದ್ದಾರೆ. ಅನುಭವಿಗಳು ಕೂಡ ಅಲ್ಲಿ ಅಂಬೆಗಾಲಲ್ಲಿ ಹೊರಗೆ ಬರುತ್ತಾರೆ. ನೀವು ಅದರ ಹೆಸರು ಕೂಡ ಈಗ ತೆಗೆಯಬೇಡಿ.

ಇಳಿಯುವ ವಿಷಯ ಇನ್ನೊಂದು ಪೋಸ್ಟ್‌ನಲ್ಲಿ ಬರೆಯುತ್ತೇನೆ.

ಚಿಂಚೋಳಿ ಹುಡುಗ

ಅಣ್ಣಾ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಚಂದ್ರಂಪಳ್ಳಿ ಡ್ಯಾಮಿನಲ್ಲೋ, ನಾರಾಯಣಪುರದ ಹಿನ್ನೀರಲ್ಲೋ ಗಾಳಿ ಬೀಸಿದಾಗ ಸಣ್ಣ ಅಲೆ ಏಳುತ್ತದಲ್ಲ. ಅಲ್ಲಿ ಪ್ರಾಕ್ಟೀಸ್ ಮಾಡಬಹುದಾ?

ಸುರಪುರದವ (ಈಗ ಸ್ಯಾನ್ ಡಿಯಾಗೊ)

ಬೇಡ ತಮ್ಮ. ನಾನು ಆ ನೀರಿನ ಪಕ್ಕದಲ್ಲೇ ಬೆಳೆದವನು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತೇನೆ. ಕೃಷ್ಣೆಯಲ್ಲಿ ಮೊಸಳೆ ಇವೆ. ಡ್ಯಾಮಿನ ಗೇಟ್ ಯಾವಾಗ ತೆಗೆಯುತ್ತಾರೆ ಅಂತ ನಮಗೆ ಗೊತ್ತಾಗುವುದಿಲ್ಲ. ತಳದಲ್ಲಿ ಕೆಸರು, ಜಾಲಿ ಮುಳ್ಳು, ಹರಿದ ಬಲೆ ಎಲ್ಲಾ ಇರುತ್ತದೆ. ಹಿನ್ನೀರಿನ ಗಾಳಿ ಅಲೆಗೂ ಸಮುದ್ರದ ಅಲೆಗೂ ಹೋಲಿಕೆಯೇ ಇಲ್ಲ. ಕಷ್ಟ ಪಟ್ಟರೂ ಅಲ್ಲಿ ಕಲಿಯುವುದು ಏನೂ ಇಲ್ಲ.

ತಯಾರಿಗೆ ಈಜುಕೊಳ ಸಾಕು. ಏನು ಮಾಡಬೇಕು ಅಂತ ಮುಂದೆ ಬರೆಯುತ್ತೇನೆ.

ಕರಾವಳಿ ಸೊಸೆ (ಆಳಂದ ತವರು, ಹೊನ್ನಾವರ ಗಂಡನ ಮನೆ)

ತಂಗಿ, ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಸಮುದ್ರಕ್ಕೆ ಇಳಿಯುತ್ತೇನೆ ಅನ್ನುವುದೇ ದೊಡ್ಡದು.

ಆದರೆ ಒಂದು ಮಾತು ಇಲ್ಲಿ ಓದುವ ಎಲ್ಲರಿಗೂ ಹೇಳಬೇಕು. ಅಣ್ಣ ಬರೆದದ್ದು ಓದಿ ಯಾರೂ ನಮ್ಮ ಕರಾವಳಿಯಲ್ಲಿ ದಂಡೆಯಿಂದ ಇಳಿದು ನೋಡೋಣ ಅಂತ ಹೊರಡಬೇಡಿ. ನಮ್ಮ ಕಡೆ ಸ್ಕೂಬಾ ದೋಣಿಯಿಂದಲೇ ನಡೆಯುವುದಕ್ಕೆ ಕಾರಣ ಇದೆ. ದಂಡೆ ಹತ್ತಿರ ನೀರು ಕದಡಿರುತ್ತದೆ, ಮುಳುಗಿದರೆ ಕೈ ಕೂಡ ಕಾಣುವುದಿಲ್ಲ. ಬಂಡೆ, ಮೀನು, ಹವಳ ಎಲ್ಲಾ ದ್ವೀಪದ ಸುತ್ತ. ಮಳೆಗಾಲದಲ್ಲಂತೂ ಸಮುದ್ರದ ಹತ್ತಿರ ಹೋಗುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಹುಟ್ಟಿದಾಗಿಂದ ಕಡಲು ನೋಡಿದ ನಮ್ಮ ಮಾವನವರೇ ಆಗ ದಂಡೆಯಲ್ಲಿ ಕೂತು ಬಲೆ ಸರಿಮಾಡುತ್ತಾರೆ.

ಮಳೆ ಇಲ್ಲದಾಗಲೂ ಸೆಳೆತ ಇರುತ್ತದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಕೋಲಾರ ಜಿಲ್ಲೆಯಿಂದ ಬಂದ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದಲ್ಲಿ ನೀರು ಪಾಲಾದರು. ಆ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಒಳನಾಡಿಂದ ಬಂದವರಿಗೆ ಸೆಳೆತ ಹೇಗೆ ಕಾಣುತ್ತದೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನು ಹೇಳುತ್ತೇನೆ, ನೋಡಿ.

ಎತ್ತರದ ಜಾಗದಲ್ಲಿ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ. ಎರಡೂ ಕಡೆ ಅಲೆ ಬೆಳ್ಳಗೆ ಒಡೆಯುತ್ತಿರುತ್ತದೆ. ನಡುವೆ ಒಂದು ಪಟ್ಟಿಯಲ್ಲಿ ಒಡೆಯುವುದೇ ಇಲ್ಲ. ನೀರು ಅಲ್ಲಿ ಗಾಢವಾಗಿ, ಇಲ್ಲಾ ಕೆಂಪಗೆ ಮರಳು ಕದಡಿಕೊಂಡು ಕಾಣುತ್ತದೆ. ನೊರೆ, ಎಲೆ, ಕಸ ಎಲ್ಲಾ ದಂಡೆಗೆ ಬರುವ ಬದಲು ಹೊರಗೆ ಹೋಗುತ್ತಿರುತ್ತದೆ. ಹೊಸಬರು ‘ಇಲ್ಲಿ ಅಲೆ ಇಲ್ಲ, ನೀರು ಶಾಂತವಾಗಿದೆ’ ಅಂತ ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಅದೇ ಸೆಳೆತದ ಬಾಯಿ. ಸಿಕ್ಕಿಬಿದ್ದರೆ ದಂಡೆ ಕಡೆಗೆ ಎದುರು ಈಜಿ ದಣಿಯಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಆಚೆ ಬಂದು, ಆಮೇಲೆ ಅಲೆ ಒಡೆಯುವ ಕಡೆಯಿಂದ ದಂಡೆಗೆ ಬರಬೇಕು. ಈಜಲು ಆಗದಿದ್ದರೆ ಸುಮ್ಮನೆ ತೇಲಿ ಕೈ ಎತ್ತಿ ಕೂಗಿ.

ಜೇವರ್ಗಿ ಅಕ್ಕ

ಇದನ್ನು ಓದಿ ಜೀವ ಝಲ್ಲೆಂದಿತು. ತಂಗಿ, ಇಷ್ಟೆಲ್ಲಾ ಅಪಾಯ ಇದ್ದರೆ ದೋಣಿಯಿಂದಲೇ ಇಳಿದರೆ ಆಗಲ್ವಾ? ಮನೆಯವರು ಏನಂತಾರೆ?

ಭೀಮಾತೀರ (ಕಲಬುರಗಿ)

ಅಕ್ಕಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಮನೆಯಲ್ಲಿ ಅಪ್ಪಾಜಿ ಕೇಳಿದ್ದೂ ಇದನ್ನೇ. ದೋಣಿಯವರು ತೋರಿಸಿದಲ್ಲಿ ಇಳಿದು, ಅವರು ಕರೆದಾಗ ಹತ್ತಿದರೆ ನನಗೆ ಸಮುದ್ರ ಅರ್ಥವೇ ಆಗುವುದಿಲ್ಲ. ನೀರನ್ನು ನಾನೇ ನೋಡಿ, ಇವತ್ತು ಇಳಿಯಬಹುದು, ಇವತ್ತು ಬೇಡ ಅಂತ ಹೇಳುವಷ್ಟು ಕಲಿಯಬೇಕು. ಅಪ್ಪಾಜಿಗೂ ಅದನ್ನೇ ಹೇಳಿದೆ. ‘ಬೇಡ ಅನ್ನೋದು ಮೊದಲು ಕಲಿ, ಆಮೇಲೆ ಹೋಗು’ ಅಂದರು.

ಸುರಪುರದವ (ಈಗ ಸ್ಯಾನ್ ಡಿಯಾಗೊ)

ನಿಮ್ಮ ಅಪ್ಪಾಜಿ ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಇಳಿಯುವ ವಿಷಯ.

ನೀರು ಮುಟ್ಟುವ ಮುಂಚೆಯೇ ಎಲ್ಲಾ ತಯಾರಿರಬೇಕು. ವಾಲ್ವ್ ಪೂರ್ತಿ ತೆರೆದಿದೆಯಾ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಉಸಿರು ಕೊಡುತ್ತಿದೆಯಾ, ಗೇಜ್ ಎಷ್ಟು ತೋರಿಸುತ್ತಿದೆ, ಜೊತೆಗಾರರ ಬಕಲ್ ಎಲ್ಲಾ ಬಿಗಿಯಾಗಿವೆಯಾ, ಎಲ್ಲಾ ಒಣ ಮರಳಲ್ಲೇ ನೋಡಿ. ನೇತಾಡುವ ಪೈಪು, ಟಾರ್ಚು ಎಲ್ಲಾ ಸಿಕ್ಕಿಸಿ. ಸ್ನಾರ್ಕೆಲ್ (ಮುಖ ನೀರಲ್ಲಿದ್ದಾಗ ಮೇಲಿನ ಗಾಳಿ ಉಸಿರಾಡುವ ಕೊಳವೆ) ಅನ್ನು ಮಾಸ್ಕಿನಿಂದ ಬಿಚ್ಚಿ ಇಡಿ, ಅಲೆ ಅದನ್ನು ಹಿಡಿದು ಮಾಸ್ಕನ್ನೇ ಕೀಳುತ್ತದೆ. ತಲೆಗೆ ಹುಡ್ (ಸೂಟ್ ಬಟ್ಟೆಯ ಟೊಪ್ಪಿ) ಹಾಕಿದರೆ ಮಾಸ್ಕಿನ ಪಟ್ಟಿ ಹುಡ್ ಒಳಗೆ ಹೋಗಲಿ.

ನೀರಿಗೆ ಕಾಲಿಟ್ಟ ಕ್ಷಣದಿಂದ ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ. ಮೊಣಕಾಲು ನೀರಲ್ಲೂ ಅಷ್ಟೇ. ಬಿದ್ದರೂ ಉರುಳಿದರೂ ಉಸಿರಾಡಲು ಆಗುತ್ತದೆ ಅನ್ನುವ ಧೈರ್ಯ ಅದರಿಂದಲೇ ಬರುವುದು. ಉಸಿರು ಮಾತ್ರ ಹಿಡಿಯಬೇಡಿ. ಸಿಲಿಂಡರಿನ ಗಾಳಿ ಎಳೆದುಕೊಂಡು ಉಸಿರು ಕಟ್ಟಿ ಮೇಲೆ ಬಂದರೆ, ಒಂದೂವರೆ ಮೀಟರ್ ಆಳದಿಂದಲೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಅಲೆ ಉರುಳಿಸುವಾಗ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ, ಅದಕ್ಕೇ ಉಸಿರು ಬಿಡುತ್ತಾ ಎಳೆಯುತ್ತಾ ಇರಬೇಕು.

ಅಲೆಗೆ ಎದೆ ಕೊಡಬೇಡಿ, ಪಕ್ಕೆ ಕೊಡಿ. ಅಗಲ ಕಡಿಮೆ ಇದ್ದಷ್ಟೂ ಏಟು ಕಡಿಮೆ. ಕಾಲು ಅಗಲಿಸಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಒಂದು ಕೈ ಮಾಸ್ಕ್ ಮತ್ತು ರೆಗ್ಯುಲೇಟರ್ ಮೇಲೆ, ಇನ್ನೊಂದು ಕೈ ಜೊತೆಗಾರರ ಕಡೆ. ನೊರೆ ಬಂದಾಗ ನಿಲ್ಲಿ, ಅದರೊಳಕ್ಕೆ ಒರಗಿ, ಅದು ದಾಟಿದ ಮೇಲೆ ಮುಂದೆ ಸರಿಯಿರಿ. ಕಾಲೆತ್ತಿ ಹೆಜ್ಜೆ ಹಾಕಬೇಡಿ, ಪಾದ ಎಳೆಯುತ್ತಾ ಹೋಗಿ. ಇಲ್ಲಿ ಮರಳಲ್ಲಿ ಸಣ್ಣ ತೊರಕೆ ಮೀನು ಹುದುಗಿ ಮಲಗಿರುತ್ತವೆ. ಪಾದ ಎಳೆದರೆ ಅವು ಸದ್ದಿಗೆ ಸರಿದು ಹೋಗುತ್ತವೆ, ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ. ಸೊಂಟದ ಮೇಲೆ ನೀರು ಬಂದಾಗ ನಿಂತು ಹೋರಾಡಬೇಡಿ. ಮುಖ ನೀರಿಗೆ ಹಾಕಿ, ಈಜುತ್ತಾ ಒಡೆಯುವ ಅಲೆಯ ಕೆಳಗೆ ನುಗ್ಗಿ. ಅಲೆ ಒಡೆಯುವ ಪಟ್ಟಿಯಲ್ಲಿ ಮಾತ್ರ ಯಾವ ಕಾರಣಕ್ಕೂ ನಿಲ್ಲಬೇಡಿ. ಮಾಸ್ಕಿಗೆ ನೀರು ಬಂದರೂ, ಪಟ್ಟಿ ಸಡಿಲವಾದರೂ, ದಾಟಿದ ಮೇಲೆ ಸರಿಮಾಡಿಕೊಳ್ಳಿ.

ಸಿಲಿಂಡರ್ ಕಟ್ಟುವ, ಗಾಳಿ ತುಂಬಿದರೆ ತೇಲಿಸುವ ಜಾಕೆಟ್‌ಗೆ ಗಾಳಿ ಎಷ್ಟು ಅನ್ನುವುದರಲ್ಲಿ ಕಲಿಸುವವರಲ್ಲೇ ಎರಡು ಮತ. ಕೆಲವರು ತೇಲುವಷ್ಟು ತುಂಬಿಸುತ್ತಾರೆ, ಬಿದ್ದರೆ ಮೇಲೆ ಇರಲಿ ಅಂತ. ಕೆಲವರು ಕಡಿಮೆ ಇಡುತ್ತಾರೆ, ಅಲೆಯ ಕೆಳಗೆ ಜಾರಲು ಸುಲಭ ಅಂತ. ನಾನು ಸ್ವಲ್ಪವೇ ತುಂಬಿಸುತ್ತೇನೆ. ನೀವು ನಿಮ್ಮ ಗುರುಗಳು ಹೇಳಿದ್ದು ಮಾಡಿ.

ಬೀದರಿನವ (ಮಸ್ಕತ್)

ಫಿನ್ಸ್ ವಿಷಯ ನೀವು ಹೇಳಲೇ ಇಲ್ಲ ಸರ್. ನಾನು ಹೇಳುವುದು, ಫಿನ್ಸ್ ಕೈಯಲ್ಲೇ ಇರಲಿ. ಬಾಲಿಯ ತುಲಾಂಬೆನ್‌ಗೆ ಹೋಗಿದ್ದೆ. 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ‘ಲಿಬರ್ಟಿ’ ಹಡಗು ಅಲ್ಲಿ ದಂಡೆ ಹತ್ತಿರವೇ ಬಿದ್ದಿದೆ. ಹಡಗನ್ನು ಆಗ ದಂಡೆಗೆ ಎಳೆದು ತಂದಿದ್ದರು, 1963ರಲ್ಲಿ ಅಗುಂಗ್ ಪರ್ವತ ಬೆಂಕಿ ಉಗುಳಿದಾಗ ಅದು ನೀರಿಗೆ ಜಾರಿತು. ದಂಡೆ ಪೂರ್ತಿ ಉರುಟು ಕಲ್ಲು. ಅದರ ಮೇಲೆ ಫಿನ್ಸ್ ಹಾಕಿ ನಡೆದರೆ ಕಾಲು ಮುರಿಯುತ್ತದೆ. ಗಟ್ಟಿ ಅಡಿಯ ಬೂಟ್ ಹಾಕಿ, ಎದೆ ಮಟ್ಟಕ್ಕೆ ಹೋಗಿ, ಅಲ್ಲಿ ತೇಲುತ್ತಾ ಫಿನ್ಸ್ ಹಾಕಿದೆವು.

ಸುರಪುರದವ (ಈಗ ಸ್ಯಾನ್ ಡಿಯಾಗೊ)

ಕಲ್ಲಿನ ದಂಡೆಗೆ ನೀವು ಹೇಳಿದ್ದೇ ಸರಿ ಸರ್. ಲಾ ಹೋಯಾದಲ್ಲೂ ಅಲೆ ಸಣ್ಣದಿದ್ದ ದಿನ ಎಲ್ಲರೂ ಹಾಗೇ ಮಾಡುತ್ತಾರೆ. ಅಲೆ ಸ್ವಲ್ಪ ಜೋರಿದ್ದ ದಿನ ನಾನು ಮರಳಲ್ಲೇ ಫಿನ್ಸ್ ಹಾಕಿ, ಹಿಮ್ಮುಖವಾಗಿ ಇಲ್ಲಾ ಪಕ್ಕಕ್ಕೆ, ಪಾದ ಎಳೆಯುತ್ತಾ ಹೋಗುತ್ತೇನೆ. ಯಾಕೆ ಅಂದರೆ ಕೈಯಲ್ಲಿ ಫಿನ್ಸ್ ಹಿಡಿದು ಅಲೆ ನಡುವೆ ನಿಂತವರಿಗೆ ಮಾಸ್ಕ್ ಹಿಡಿಯಲು ಕೈಯೂ ಇಲ್ಲ, ಈಜಲು ಶಕ್ತಿಯೂ ಇಲ್ಲ. ಒಂದು ಏಟಿಗೆ ಒಂದು ಫಿನ್ ಹೋದರೆ ಆ ದಿನದ ಡೈವ್ ಮುಗಿಯಿತು. ಹಿಮ್ಮುಖ ನಡೆಯುವವರು ಹೆಗಲ ಮೇಲಿಂದ ಸಮುದ್ರ ನೋಡುತ್ತಲೇ ಇರಬೇಕು. ಅಲೆಗೆ ಬೆನ್ನು ಹಾಕಿ ಮರೆತು ನಡೆಯುವುದು ಬಹಳ ಅಪಾಯ.

ಬೀದರಿನವ (ಮಸ್ಕತ್)

ಒಪ್ಪಿದೆ. ಮರಳಿಗೆ ಒಂದು ಲೆಕ್ಕ, ಕಲ್ಲಿಗೆ ಒಂದು ಲೆಕ್ಕ.

ಇನ್ನೊಂದು ವಿಷಯ, ನಮ್ಮ ಕಡೆಯವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಭಾರತದ ಕಡಲುಗಳ ಅಲೆ ಮುನ್ಸೂಚನೆ ಕೊಡುವ ‘ಇನ್‌ಕಾಯ್ಸ್’ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ. ನಮ್ಮ ಬೀದರಿಂದ 150 ಕಿಲೋಮೀಟರ್ ಕೂಡ ಇಲ್ಲ. ನಮ್ಮಂಥ ಒಣ ಸೀಮೆಯಲ್ಲಿ ಕೂತು ಮೀನುಗಾರರಿಗೆ ನಾಳೆ ಅಲೆ ಎಷ್ಟು ಎತ್ತರ ಅಂತ ಹೇಳುತ್ತಾರೆ. ನೇತ್ರಾಣಿಗೆ ಹೋಗುವವರು ಹೊರಡುವ ಮುಂಚೆ ಅದನ್ನು ನೋಡುವ ರೂಢಿ ಮಾಡಿಕೊಳ್ಳಿ. ಅಲೆಯ ಎತ್ತರ, ಎಷ್ಟು ಸೆಕೆಂಡಿನ ಅಲೆ, ಗಾಳಿ ಯಾವ ಕಡೆಯದು, ಎಲ್ಲಾ ಸಿಗುತ್ತದೆ. ದಿನಾ ನೋಡುತ್ತಾ ಇದ್ದರೆ ಕಲಬುರಗಿಯಲ್ಲಿ ಕೂತೇ ಅಂಕಿಗಳ ಅರ್ಥ ಹಿಡಿತಕ್ಕೆ ಬರುತ್ತದೆ.

ಸುರಪುರದವ (ಈಗ ಸ್ಯಾನ್ ಡಿಯಾಗೊ)

ಒಳ್ಳೆಯ ಮಾತು. ಇಲ್ಲಿಯದು ಬೇಕಾದರೆ ಲಾ ಹೋಯಾ ಶೋರ್ಸ್ ಪಕ್ಕದಲ್ಲೇ ಸ್ಕ್ರಿಪ್ಸ್ ಸಾಗರ ಸಂಸ್ಥೆ ಇದೆ, 1903ರಿಂದ ಇದೆ. ಅವರು ತೇಲುವ ಬೋಯ್‌ಗಳಿಂದ ಅಲೆಯ ಅಳತೆ ತೆಗೆದು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ತಂಗಿ, ಇವತ್ತಿನಿಂದಲೇ ದಿನಾ ಒಂದು ಸಲ ನೋಡಿ. ಆದರೆ ಫೋನ್ ಏನೇ ಹೇಳಲಿ, ಕೊನೆಗೆ ನಂಬುವುದು ಕಣ್ಣ ಮುಂದಿನ ನೀರನ್ನೇ.

ಇಎನ್‌ಟಿ ಡಾಕ್ಟರ್ (ಬೀದರ್)

ಚರ್ಚೆ ಓದಿದೆ. ನಾನು ಡೈವ್ ಮಾಡುವವನಲ್ಲ, ಆದರೆ ಡೈವ್ ಮಾಡಿ ಕಿವಿ ನೋವು ಅಂತ ಬರುವವರನ್ನು ನೋಡುತ್ತೇನೆ. ಹಾಗಾಗಿ ಕಿವಿ ಬಗ್ಗೆ ಸ್ವಲ್ಪ.

ನೀರಿನ ಮೇಲೆ ಒತ್ತಡ ಒಂದು ಬಾರ್. ಹತ್ತು ಮೀಟರ್ ಕೆಳಗೆ ಎರಡು ಬಾರ್. ಅಂದರೆ ಮೊದಲ ಹತ್ತು ಮೀಟರಲ್ಲೇ ಒತ್ತಡ ದುಪ್ಪಟ್ಟಾಗುತ್ತದೆ. ಕಿವಿಗೆ ಜಾಸ್ತಿ ಪೆಟ್ಟು ಬೀಳುವುದು ಆಳದಲ್ಲಲ್ಲ, ಮೇಲಿನ ಈ ಪದರದಲ್ಲೇ. ದಂಡೆಯಿಂದ ಹೋಗುವಾಗ ಅಲೆ ನಿಮ್ಮ ಮೇಲೆ ಹಾದುಹೋದ ಹಾಗೆಲ್ಲಾ ಒತ್ತಡ ಏರಿಳಿಯುತ್ತದೆ. ನೋವು ಶುರುವಾಗುವ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಊದಿ, ಇಲ್ಲಾ ಗುಟುಕು ನುಂಗಿ. ಜೋರಾಗಿ ಊದಬೇಡಿ. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಬಿಡದಿದ್ದರೆ ಅವತ್ತಿಗೆ ಡೈವ್ ಬೇಡ.

ನೆಗಡಿ ಇದ್ದರೆ ಇಳಿಯಬೇಡಿ. ಮೂಗಿಗೆ ಔಷಧ ಹಾಕಿಕೊಂಡು ಇಳಿಯುವವರಿದ್ದಾರೆ. ಔಷಧದ ಪ್ರಭಾವ ನೀರೊಳಗೆ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅದು ಬಹಳ ನೋವಿನ ವಿಷಯ. ಕಿವಿಗೆ ಹತ್ತಿ, ಇಯರ್‌ಪ್ಲಗ್ ಕೂಡ ಬೇಡ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಹಳೆಯ ಕಿವಿ ಆಪರೇಷನ್, ಇಂಥದ್ದು ಇದ್ದವರು ಕೋರ್ಸಿನ ಆರೋಗ್ಯ ಫಾರ್ಮಿನಲ್ಲಿ ಮುಚ್ಚಿಡದೆ ಬರೆಯಲೇಬೇಕು.

ಇನ್ನೊಂದು ವಿಷಯ ನಮ್ಮ ಊರುಗಳವರಿಗೆ ಮುಖ್ಯ. ಡೈವ್ ಆದ ಮೇಲೆ ಮೈಯಲ್ಲಿ ಹೆಚ್ಚುವರಿ ನೈಟ್ರೋಜನ್ ಉಳಿದಿರುತ್ತದೆ. ಆಗ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಬಹುದು. ಡೈವರ್‌ಗಳ ಸುರಕ್ಷತೆಗೆಂದೇ ಇರುವ ಡ್ಯಾನ್ ಸಂಸ್ಥೆಯ ಸಲಹೆ ಪ್ರಕಾರ, ಒಂದೇ ಸಾಮಾನ್ಯ ಡೈವ್ ಆದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಬಿಡಬೇಕು. ಎತ್ತರ ಅಂದರೆ ವಿಮಾನ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಬೀದರ್ ಸಮುದ್ರ ಮಟ್ಟದಿಂದ 600 ಮೀಟರ್ ಮೇಲಿದೆ, ಆ ಸಲಹೆ ಲೆಕ್ಕಕ್ಕೆ ತಗೊಳ್ಳುವುದೂ ಸುಮಾರು ಆ ಎತ್ತರದಿಂದಲೇ. ಕಲಬುರಗಿ ಸುಮಾರು 450 ಮೀಟರ್, ಆದರೆ ದಾರಿಯಲ್ಲಿ ಘಟ್ಟ ಹತ್ತಲೇಬೇಕಲ್ಲ. ಮಧ್ಯಾಹ್ನ ಡೈವ್ ಮುಗಿಸಿ ಸಂಜೆ ಬಸ್ಸು ಹಿಡಿಯುವ ಬದಲು ಮುರ್ಡೇಶ್ವರದಲ್ಲೇ ರಾತ್ರಿ ಮಲಗಿ ಮಾರನೇ ದಿನ ಹೊರಡಿ.

ಸುರಪುರದವ (ಈಗ ಸ್ಯಾನ್ ಡಿಯಾಗೊ)

ಡಾಕ್ಟ್ರೇ, ಇದು ಇಲ್ಲಿಗೂ ಬಹಳ ಮುಖ್ಯ. ಇಲ್ಲಿಗೆ ಬಂದ ನೆಂಟರನ್ನು ಎಲ್ಲರೂ ಜೂಲಿಯನ್ ಅಂತ ಬೆಟ್ಟದ ಊರಿಗೆ ಕರೆದುಕೊಂಡು ಹೋಗುತ್ತಾರೆ. ಆ ಊರು 1,200 ಮೀಟರ್‌ಗಿಂತ ಎತ್ತರ. ತಂಗಿ, ಅಕ್ಕನಿಗೆ ಮೊದಲೇ ಹೇಳಿಡಿ, ಡೈವ್ ಮಾಡಿದ ದಿನ ಬೆಟ್ಟ ಬೇಡ ಅಂತ.

ತೊರಕೆ ಚುಚ್ಚಿದರೆ ಏನು ಮಾಡಬೇಕು ಅಂತ ಡಾಕ್ಟ್ರೇ ಹೇಳಿಬಿಡಿ.

ಇಎನ್‌ಟಿ ಡಾಕ್ಟರ್ (ಬೀದರ್)

ಬಿಸಿನೀರು. ತಡೆಯಬಹುದಾದಷ್ಟು ಬಿಸಿ, ಆದರೆ 45 ಡಿಗ್ರಿ ಮೀರದಂತೆ. ಕಾಲು ಅದರಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಟ್ಟರೆ ನೋವು ಇಳಿಯುತ್ತದೆ. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಹಾಗಾಗಿ ಆಸ್ಪತ್ರೆಗೆ ತೋರಿಸಿ, ಟಿಟಿ ಇಂಜೆಕ್ಷನ್ ನೋಡಿಕೊಳ್ಳಿ. ಎದೆ, ಹೊಟ್ಟೆಗೆ ಚುಚ್ಚಿದ್ದರೆ ಕಾಯುವ ಹಾಗೇ ಇಲ್ಲ.

ಭೀಮಾತೀರ (ಕಲಬುರಗಿ)

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಅಣ್ಣಾ, ಎರಡು ಪ್ರಶ್ನೆ ಉಳಿದಿವೆ. ವಾಪಸ್ ಬರುವುದು ಹೇಗೆ, ಇಲ್ಲಿ ಈಜುಕೊಳದಲ್ಲಿ ಏನು ಮಾಡಲಿ? ಈಗ ಊರಲ್ಲಿ ಬಿಸಿಲು 42 ಡಿಗ್ರಿ, ಸಂಜೆ ಕೊಳದ ತುಂಬಾ ಮಕ್ಕಳು. ಬೆಳಿಗ್ಗೆ ಬೇಗ ಹೋದರೆ ಮಾತ್ರ ಜಾಗ ಸಿಗುತ್ತದೆ.

ಸುರಪುರದವ (ಈಗ ಸ್ಯಾನ್ ಡಿಯಾಗೊ)

ವಾಪಸ್ ಬರುವುದೇ ಕಷ್ಟದ್ದು. ಹೋಗುವಾಗ ಮೈಯಲ್ಲಿ ಕಸುವಿರುತ್ತದೆ, ಬರುವಾಗ ದಣಿದಿರುತ್ತೀರಿ, ಚಳಿ ಹಿಡಿದಿರುತ್ತದೆ. ಇಲ್ಲಿಯ ನೀರು ಬೇಸಿಗೆಯಲ್ಲೂ ನೇತ್ರಾಣಿ ತರಹ ಬೆಚ್ಚಗಿಲ್ಲ, ಮೇಲೆ 20 ಡಿಗ್ರಿ ಇದ್ದರೂ ಕೆಳಗೆ ಹೋದಂತೆ ತಣ್ಣಗಾಗುತ್ತದೆ. 7 ಮಿಲಿಮೀಟರ್ ದಪ್ಪದ ಸೂಟ್ ಹಾಕಬೇಕು.

ಕನಿಷ್ಠ 50 ಬಾರ್ ಗಾಳಿ ಉಳಿಸಿಕೊಂಡು ಬನ್ನಿ. ಅದು ಅಲೆ ದಾಟಲು ಇಟ್ಟ ಗಾಳಿ, ಮೀನು ನೋಡಲು ಅಲ್ಲ. ಅಲೆ ಒಡೆಯುವ ಜಾಗಕ್ಕಿಂತ ಆಚೆಯೇ ನಿಂತು ಉಸಿರು ಸುಧಾರಿಸಿಕೊಳ್ಳಿ. ಅಲ್ಲಿಂದ ನೋಡಿದರೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಎತ್ತರ ಕಡಿಮೆ ಅನ್ನಿಸುತ್ತದೆ. ಅದನ್ನು ನಂಬಬೇಡಿ, ದಂಡೆಯಿಂದ ನೋಡಿದ ಲೆಕ್ಕವನ್ನೇ ನೆನಪಿಡಿ. ಸೆಟ್ ಹೋಗುವ ತನಕ ಕಾದು, ಕೊನೆಯ ದೊಡ್ಡ ಅಲೆಯ ಬೆನ್ನ ಹಿಂದೆಯೇ ಜೋರಾಗಿ ಕಾಲು ಬಡಿಯುತ್ತಾ ಬನ್ನಿ. ಆಗಾಗ ತಿರುಗಿ ಹಿಂದೆ ನೋಡಿ. ಹಿಂದಿಂದ ಇನ್ನೊಂದು ಬಂದರೆ ಮಾಸ್ಕ್ ಹಿಡಿದು, ಮುಖ ಕೆಳಗೆ ಮಾಡಿ, ಅದು ಮೇಲೆ ಹಾದುಹೋಗಲು ಬಿಡಿ.

ಎಲ್ಲರೂ ಬೀಳುವ ಜಾಗ ಒಂದಿದೆ. ಕೈಗೆ ಮರಳು ತಾಗಿತು, ಸರಿ, ಎದ್ದು ನಿಲ್ಲೋಣ ಅನ್ನಿಸುತ್ತದೆ. ನಿಲ್ಲಬೇಡಿ. ಮೊಣಕಾಲು ನೀರಲ್ಲಿ ಫಿನ್ಸ್ ಹಾಕಿ, ಬೆನ್ನ ಮೇಲೆ ಭಾರ ಹೊತ್ತು ನಿಂತವರ ಕಾಲನ್ನು ವಾಪಸ್ ಹೋಗುವ ನೀರು ಎಳೆಯುತ್ತದೆ, ಬರುವ ಅಲೆ ಬೆನ್ನಿಗೆ ಹೊಡೆಯುತ್ತದೆ. ಕೈ ಮತ್ತು ಮೊಣಕಾಲ ಮೇಲೆ ತೆವಳುತ್ತಾ, ನೀರು ಪೂರ್ತಿ ಬಿಡುವ ತನಕ ಬನ್ನಿ. ಬಾಯಿಂದ ರೆಗ್ಯುಲೇಟರ್ ತೆಗೆಯುವುದು ಒಣ ಮರಳಲ್ಲೇ. ನಾಚಿಕೆ ಯಾಕೆ? ಇಲ್ಲಿ ಕಲಿಸುವವರೇ ತೆವಳಿಕೊಂಡು ಬರುವುದನ್ನು ದಿನಾ ನೋಡುತ್ತೇನೆ.

ಬಾವುಟ ಕಟ್ಟಿದ ತೇಲು ಎಳೆದುಕೊಂಡು ಹೋಗುತ್ತೀರಲ್ಲ, ಅದು ಯಾವಾಗಲೂ ದಂಡೆಯ ಕಡೆಗೇ ಇರಲಿ. ಹೋಗುವಾಗ ನಿಮ್ಮ ಹಿಂದೆ, ಬರುವಾಗ ನಿಮ್ಮ ಮುಂದೆ. ನಿಮಗೂ ಅಲೆಗೂ ನಡುವೆ ಬಂದರೆ ಅದೇ ಬಂದು ಮುಖಕ್ಕೆ ಹೊಡೆಯುತ್ತದೆ.

ಈಜುಕೊಳದ ಕೆಲಸ. ಮಾಸ್ಕ್ ಇಲ್ಲದೆ, ಸ್ನಾರ್ಕೆಲ್ ಮಾತ್ರ ಬಾಯಲ್ಲಿಟ್ಟು, ಮುಖ ನೀರಲ್ಲಿ ಹಾಕಿ ಉಸಿರಾಡಿ. ಮೊದಲು ಮೂಗಿಗೆ ನೀರು ನುಗ್ಗಿ ಗಾಬರಿ ಆಗುತ್ತದೆ. ಗಾಬರಿ ಹೋಗುವ ತನಕ ದಿನಾ ಮಾಡಿ. ಅಲೆಯಲ್ಲಿ ಮಾಸ್ಕ್ ಹೋದರೆ ನಿಮ್ಮನ್ನು ಕಾಯುವುದು ಇದೊಂದೇ. ಆಮೇಲೆ ಎದೆ ಮಟ್ಟದ ನೀರಲ್ಲಿ ಕಣ್ಣು ಮುಚ್ಚಿ, ಒಂದು ಕಾಲನ್ನು ಇನ್ನೊಂದರ ಮೊಣಕಾಲ ಮೇಲಿಟ್ಟು, ಒಂದೇ ಕೈಯಲ್ಲಿ ಫಿನ್ಸ್ ಹಾಕುವುದು, ಬಿಚ್ಚುವುದು. ಎರಡೂ ಕಾಲಿಗೆ. ನಿಲ್ಲದೆ ಈಜುವ ದೂರ ಹೆಚ್ಚಿಸಿ. ಕೋರ್ಸಿನಲ್ಲಿ ಕೇಳಿದ್ದು 200 ಮೀಟರ್, ನೀವು ಅದರ ಮೂರು ಪಟ್ಟು ಆರಾಮಾಗಿ ಹೋಗುವಂತಾಗಲಿ. ಸಂಜೆ ಶರಣಬಸವೇಶ್ವರ ಕೆರೆ ಸುತ್ತ ಬೆನ್ನಿಗೆ ಭಾರದ ಬ್ಯಾಗ್ ಹಾಕಿ ನಡೆಯಿರಿ. ಮೊಣಕಾಲೂರಿ ಕೂತು, ಆ ಭಾರದ ಸಮೇತ ಏಳುವುದನ್ನೂ ಅಭ್ಯಾಸ ಮಾಡಿ.

ಭೀಮಾತೀರ (ಕಲಬುರಗಿ)

ನಾಳೆ ಬೆಳಿಗ್ಗೆಯಿಂದಲೇ ಶುರು ಅಣ್ಣಾ. ಕೊನೆಯದಾಗಿ ಒಂದು. ಸೀಸದ ತೂಕ ಎಷ್ಟು ಬೇಕಾಗುತ್ತದೆ? ನೇತ್ರಾಣಿಯಲ್ಲಿ ತೆಳು ಸೂಟ್‌ಗೆ ಹಾಕಿದ್ದು ನೆನಪಿದೆ, ಅದೇ ಸಾಕಾಗುತ್ತಾ? ಅಲ್ಲಿ ಕಲಿಸುವವರ ಹತ್ತಿರ ಏನು ಕೇಳಬೇಕು?

ಸುರಪುರದವ (ಈಗ ಸ್ಯಾನ್ ಡಿಯಾಗೊ)

ಸಾಕಾಗುವುದಿಲ್ಲ. ದಪ್ಪ ಸೂಟ್ ಬಹಳ ತೇಲಿಸುತ್ತದೆ, ಹಾಗಾಗಿ ತೂಕ ಸುಮಾರು ಜಾಸ್ತಿ ಬೇಕು. ಕೊಳದಲ್ಲಿ ಹಿಡಿದ ಲೆಕ್ಕವೂ ನಡೆಯುವುದಿಲ್ಲ. ಉಪ್ಪು ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆ ಪಾಲು ಭಾರ, ಮೈ ಮತ್ತು ಸಾಮಾನು ಸೇರಿ 100 ಕೆಜಿ ಇದ್ದರೆ ಎರಡೂವರೆ ಕೆಜಿ ಜಾಸ್ತಿ ಹಾಕಬೇಕು. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ಎರಡು ಕೆಜಿಯಷ್ಟು ಹಗುರಾಗುತ್ತದೆ. ಅದನ್ನು ಲೆಕ್ಕ ಹಿಡಿಯದಿದ್ದರೆ ಕೊನೆಯಲ್ಲಿ ಮೇಲೆ ಬರುವ ಮುಂಚೆ ಸುರಕ್ಷತೆಗೆಂದು 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಲು ಆಗುವುದಿಲ್ಲ, ಅಲೆ ಒಡೆಯುವ ಜಾಗದಲ್ಲೇ ಮೇಲೆ ತೇಲಿಬಿಡುತ್ತೀರಿ. ಮೊದಲ ದಿನ ಅಲೆ ದಾಟಿದ ಮೇಲೆ ನೀರಲ್ಲೇ ತೂಕ ಪರೀಕ್ಷೆ ಮಾಡಿಸಿಕೊಳ್ಳಿ.

ಗುರುಗಳಿಗೆ ಹೀಗೆ ಹೇಳಿ: ನನ್ನ ಕಾರ್ಡ್ ದೋಣಿಯ ಡೈವ್‌ನದು, ಅಲೆ ದಾಟಿ ಗೊತ್ತಿಲ್ಲ. ಮೊದಲ ದಿನ ಸಿಲಿಂಡರ್ ಬೇಡ, ಸೂಟ್, ಮಾಸ್ಕ್, ಫಿನ್ಸ್ ಅಷ್ಟೇ ಹಾಕಿ ಅಲೆಯೊಳಗೆ ಹೋಗಿ ಬಂದು ಮಾಡಿಸಿ. ಅದಕ್ಕೆ ಒಪ್ಪದವರ ಹತ್ತಿರ ಕಲಿಯಬೇಡಿ. ಒಬ್ಬರಿಗೆ ಎಷ್ಟು ಜನ ವಿದ್ಯಾರ್ಥಿಗಳು ಅಂತ ಕೇಳಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಬೆಳಿಗ್ಗೆ ಬೇಗ ಇಟ್ಟುಕೊಳ್ಳಿ, ಮಧ್ಯಾಹ್ನ ಗಾಳಿ ಎದ್ದರೆ ನೀರು ಕೆಡುತ್ತದೆ.

ಬಂದ ಮೇಲೆ ಇಲ್ಲೇ ಒಂದು ಸಂದೇಶ ಹಾಕಿ ತಂಗಿ. ನಿಮ್ಮ ಗುರುಗಳ ಜೊತೆ ಇಳಿಯುವ ಮುಂಚೆ ಒಂದು ಬೆಳಿಗ್ಗೆ ದಂಡೆಯಲ್ಲಿ ನಿಂತು ಸೆಟ್ ಎಣಿಸುವುದನ್ನು ತೋರಿಸಿಕೊಡುತ್ತೇನೆ. ನಿಮ್ಮ ಅಕ್ಕ, ಭಾವನವರನ್ನೂ ಕರೆದುಕೊಂಡು ಬನ್ನಿ. ನೀವು ನೀರಲ್ಲಿರುವಾಗ ದಂಡೆಯಿಂದ ನೋಡುತ್ತಾ ಇರಲು ಒಬ್ಬರು ಬೇಕು, ಏನು ನೋಡಬೇಕು ಅಂತ ಅವರಿಗೂ ಗೊತ್ತಿರಬೇಕು.